ಹೂಮಳೆಗೆ ಮೊದಲು ಹಾರಿದ ಪಟ

ದೆವ್ವ ಇಲ್ಲ. ಈ ಮಾತನ್ನು ನಾನು ನಾಲ್ಕು ಅಂತರಕಾಲೇಜು ವೇದಿಕೆಗಳ ಮೇಲೆ ಸಮರ್ಥಿಸಿದ್ದೇನೆ, ಮೂರು ಕಡೆಯಿಂದ ಪಾರಿತೋಷಕ ತಂದಿದ್ದೇನೆ. ಆದ್ದರಿಂದ ಪ್ರತಿ ವರ್ಷ ಫೆಬ್ರವರಿ ಕಳೆಯುವ ಹೊತ್ತಿಗೆ ಬಾಳೂರಿನ ಬೋಳುಗುಡ್ಡದ ಕಡೆಯಿಂದ ನನಗೆ ಕೇಳಿಸುವ ಆ ಗುಂಯ್ ಎನ್ನುವ ಸದ್ದಿಗೆ ಬೇರೆ ಕಾರಣ ಇರಲೇಬೇಕು. ಒಂದು, ಕಂಬದ ತಂತಿ. ಎರಡು, ಹುಲ್ಲಿನಲ್ಲಿ ನುಗ್ಗುವ ಗಾಳಿ. ಮೂರು, ನನ್ನ ಕಿವಿ. ಆದರೆ ಆ ಗುಡ್ಡದ ಮೇಲೆ ಕಂಬವೇ ಇಲ್ಲ. ಹುಲ್ಲಿನ ಸದ್ದು ಬೇರೆ. ಕಿವಿಯನ್ನು ಚಿಕ್ಕಮಗಳೂರಿನ ಡಾಕ್ಟರರಿಗೆ ತೋರಿಸಿ ಬಂದಿದ್ದೇನೆ, ಏನೂ ತೊಂದರೆ ಇಲ್ಲವಂತೆ.

ಆ ಸದ್ದು ಒಂದು ಕಾಲದಲ್ಲಿ ನಿಜವಾಗಿಯೂ ಇತ್ತು. ಬಿಗಿದ ನೈಲಾನ್ ಹಗ್ಗ ಗಾಳಿಗೆ ಅದುರುವ ಸದ್ದು. ಹಗ್ಗದ ಮೇಲ್ತುದಿಯಲ್ಲಿ ಒಂದು ಕರಿ ಗಾಳಿಪಟ, ಕೆಳತುದಿಯಲ್ಲಿ ನಮ್ಮ ಕಡೆಯ ಲೈನ್‌ಮನ್. ಅವರು ತೀರಿಕೊಂಡು ಎರಡು ವರ್ಷ ಆಯಿತು.

ಬಣಕಲ್ಲಿನಿಂದ ಬಾಳೂರಿನವರೆಗೆ ಎಲ್ಲಿ ತಂತಿ ಹರಿದರೂ ಅವರೇ ಬರಬೇಕಿತ್ತು. ಕುಳ್ಳಗೆ, ಮೊಣಕಾಲಿನವರೆಗಿನ ಖಾಕಿ ಚಡ್ಡಿ, ಸೊಂಟದಲ್ಲಿ ಕಟಿಂಗ್ ಪ್ಲೈಯರ್. ಬಂದವರು ಮೊದಲು ಕಂಬ ಹತ್ತುತ್ತಿರಲಿಲ್ಲ. ಕಂಬಕ್ಕೆ ಕಿವಿ ಕೊಟ್ಟು ಕಣ್ಣುಮುಚ್ಚಿ ನಿಲ್ಲುತ್ತಿದ್ದರು. ಕರೆಂಟ್ ಇಲ್ಲದ ಕಂಬದಲ್ಲಿ ಕೇಳುವುದೇನಿದೆ ಎಂದು ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕೇಳಿದ್ದೆ.

"ಗಾಳಿ," ಅಂದರು. "ತಂತಿ ಬಣಕಲ್ ಗುಡ್ಡದ ಮೇಲಿಂದ ಬರುತ್ತಲ್ಲ ಮಾರಾಯ. ಅಲ್ಲಿ ಎಷ್ಟು ಗಾಳಿ ಇದೆ ಅಂತ ಇಲ್ಲೇ ಹೇಳುತ್ತೆ. ಬಾ, ಕಿವಿ ಇಡು."

ಇಟ್ಟೆ. ನಾವು ನಿಂತಲ್ಲಿ ಸಿಲ್ವರ್ ಓಕಿನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕಂಬದೊಳಗೆ ಮಾತ್ರ ಯಾರೋ ದೂರದಲ್ಲಿ ಒಂದೇ ಸಮ ಗುನುಗುತ್ತಿದ್ದ ಹಾಗಿತ್ತು.

"ಕೆಳಗೆ ಗಾಳಿ ಮರಕ್ಕೆ ಸಿಕ್ಕಿ ಸತ್ತಿರುತ್ತೆ," ಅಂದರು. "ಮೇಲೆ ಹೋದಷ್ಟೂ ಜೀವ. ನಾವು ಜೀವಮಾನ ಪೂರ್ತಿ ಸತ್ತ ಗಾಳೀಲೇ ಓಡಾಡ್ತೀವಿ."

ಅವರ ಬಲ ಅಂಗೈಯಲ್ಲಿ ಅಡ್ಡಕ್ಕೆ ಒಂದು ಗೀರು ಇತ್ತು. ಯೋಚನೆ ಮಾಡುವಾಗೆಲ್ಲ ಅದನ್ನು ಹೆಬ್ಬೆರಳಿನಿಂದ ತೀಡಿಕೊಳ್ಳುತ್ತಿದ್ದರು. ತಂತಿಗೆ ಸಿಕ್ಕಿಕೊಂಡ ಗಾಳಿಪಟ ಬಿಡಿಸುವುದು ಅವರ ಕೆಲಸದಲ್ಲೇ ಸೇರಿತ್ತು. ಲೈನ್ ಆಫ್ ಮಾಡಿಸಿ ಕಂಬ ಹತ್ತಿದ್ದಾಗ ಒಂದು ಪಟ, ಬಿಡಿಸಿದ ಕೂಡಲೇ ಸರ್ರನೆ ಎದ್ದು, ದಾರದಿಂದ ಅವರ ಅಂಗೈಯನ್ನೇ ಕುಯ್ದುಬಿಟ್ಟಿತಂತೆ. ಬೇರೆಯವರಾದರೆ ಬೈದು ದಾರ ಕತ್ತರಿಸುತ್ತಿದ್ದರು. ಇವರು ರಕ್ತ ಸೋರುವ ಕೈಯಲ್ಲೇ ಕಂಬದ ಮೇಲೆ ಕೂತು, "ಒಂದು ಕಾಗದದ ಚೂರಿಗೆ ಇಷ್ಟು ಎಳೆತವಾ" ಎಂದು ಯೋಚಿಸಿದರಂತೆ. ಎಲ್ಲ ಶುರುವಾದದ್ದು ಅಲ್ಲಿಂದ.

ಅವರ ವಾದ ಇಷ್ಟು. ಮಳೆಗಾಲದಲ್ಲಿ ಮರ ಬೀಳುವುದು ಗಾಳಿಗೆ. ಮರ ಬಿದ್ದು ಕರೆಂಟ್ ಹೋಗುತ್ತದೆ. "ಅಂದ್ರೆ ನಮ್ಮ ಕರೆಂಟ್ ತೆಗೆಯೋ ಗಾಳೀಲೇ ಕರೆಂಟ್ ಇದೆ. ಹೌದೋ ಅಲ್ವೋ?"

ಆಗ ನಾನು ಪಿಯುಸಿ ಮೊದಲ ವರ್ಷ, ಚರ್ಚೆಯ ಹುಚ್ಚು ಹೊಸದಾಗಿ ಹಿಡಿದಿತ್ತು. "ಅಲ್ಲ," ಅಂದೆ. "ನಮ್ಮ ದನ ತಿನ್ನೋ ಹುಲಿ ಹಾಲು ಕೊಡುತ್ತಾ?"

ಅವರು ಹೊಟ್ಟೆ ಹಿಡಿದು ನಕ್ಕರು. "ಇದು ಚೆನ್ನಾಗಿದೆ ವಕೀಲ," ಅಂದರು. ನನ್ನನ್ನು ಆಗಿಂದಲೇ ವಕೀಲ ಎನ್ನುತ್ತಿದ್ದರು. ಮಾರನೆಯ ದಿನ ನಮ್ಮ ಮನೆ ಮುಂದೆ ಸೈಕಲ್ ನಿಲ್ಲಿಸಿ, ಒಂದು ಕಾಲು ಊರಿಕೊಂಡೇ ಕೂಗಿದರು. "ಹುಲಿ ಹಾಲು ಕೊಡುತ್ತೆ ಮಾರಾಯ. ಮರಿಗೆ."

ಹಾಗಿದ್ದರು. ಅವರ ಉತ್ತರ ಯಾವಾಗಲೂ ಒಂದು ದಿನ ತಡ. ಆದರೆ ಬರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಕೊಯ್ಲು ಮುಗಿಯುವ ಹೊತ್ತಿಗೆ ಅವರು ಬೋಳುಗುಡ್ಡಕ್ಕೆ ಸಾಮಾನು ಹೊತ್ತರು. ಗುಡ್ಡ ಎಸ್ಟೇಟಿನ ಧಣಿಗಳದ್ದು. ನನ್ನ ಅಪ್ಪ ಅದೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ನಾವಿದ್ದದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಪಕ್ಕದ ಕ್ವಾರ್ಟರ್ಸಿನಲ್ಲಿ. ಅಂಗಳದಿಂದ ಗುಡ್ಡ ಪೂರ್ತಿ ಕಾಣುತ್ತಿತ್ತು. ಗುಡ್ಡದ ಆಚೆ ಇಳಿಜಾರಿನಲ್ಲಿ ಹನ್ನೊಂದು ಮನೆ. ನಡುವೆ ಕಾಡು, ಮರ ಕಡಿದು ಕಂಬ ನೆಡುವ ಹಾಗಿಲ್ಲ, ಕಂಬ ಇಲ್ಲದೆ ಕರೆಂಟ್ ಇಲ್ಲ. ಆ ಮನೆಯವರ ಅರ್ಜಿ ಮೂರು ಸಲ ವಾಪಸ್ ಬಂದಿತ್ತು. ಮೂರು ಸಲವೂ ಅದನ್ನು ಅವರಿಗೆ ಕೊಡಲು ಹೋದವರು ಈ ಲೈನ್‌ಮನ್ನೇ.

"ಫ್ಯಾನ್ ಹಾಕಿದ ಗೋಪುರ ತರೋಕೆ ರಸ್ತೆ ಬೇಕು," ಎಂದು ನನಗೆ ವಿವರಿಸಿದರು. "ಜೀಪೇ ಹತ್ತದ ಕಡೆ ಗೋಪುರ ಹ್ಯಾಗೆ ಹತ್ತುತ್ತೆ? ಪಟ ಆದ್ರೆ ಗೋಣಿಚೀಲದಲ್ಲಿ ಹೋಗುತ್ತೆ. ಗೋಪುರದ ಕೆಲಸ ಹಗ್ಗ ಮಾಡುತ್ತೆ."

ಪಟಕ್ಕೆ ಛತ್ರಿ ಬಟ್ಟೆ. ಬಣಕಲ್ಲಿನ ಟೈಲರ್ ಹತ್ತಿರ ಹೊಲಿಸಿದ್ದು, ಮಂಚಕ್ಕಿಂತ ದೊಡ್ಡದು, ತುಂಡು ತುಂಡಾಗಿ ಜೋಡಿಸುವ ಬಿದಿರಿನ ಅಡ್ಡೆ. ಹಗ್ಗ ಸುತ್ತಲು ಮರದ ಒಂದು ಹಳೇ ಉರುಳೆ, ಉರುಳೆಗೆ ಬೆಲ್ಟ್, ಬೆಲ್ಟಿಗೆ ಗುಜರಿ ಜೀಪಿನ ಡೈನಮೊ. ಪಟ ಏರುತ್ತ ಹಗ್ಗ ಎಳೆದರೆ ಉರುಳೆ ತಿರುಗಿ ಬ್ಯಾಟರಿ ತುಂಬಬೇಕು. ಹಗ್ಗ ಮುಗಿದಾಗ ಇನ್ನೊಂದು ತೆಳು ದಾರ ಎಳೆದು ಪಟದ ಮೂತಿ ಬಗ್ಗಿಸಬೇಕು. ಆಗ ಅದು ಸೋತ ಹಕ್ಕಿಯ ಹಾಗೆ ಸುಮ್ಮನಾಗುತ್ತದೆ, ಸುಲಭವಾಗಿ ಸುತ್ತಿಕೊಂಡು ಮತ್ತೆ ಬಿಡಬಹುದು. "ಹತ್ತು ಕೊಟ್ಟು ಎರಡು ವಾಪಸ್ ಕೇಳುತ್ತೆ," ಅನ್ನುತ್ತಿದ್ದರು. "ಅಷ್ಟು ಕೇಳಲಿ ಬಿಡು."

ಹಗ್ಗ ಎಷ್ಟು ಬಿಗಿಯಾಗಿದೆ ಎಂದು ಹಲ್ಲಿನಿಂದ ಕಚ್ಚಿ ನೋಡುತ್ತಿದ್ದರು. ಕೈ ಸುಳ್ಳು ಹೇಳುತ್ತದೆ, ಹಲ್ಲು ಹೇಳುವುದಿಲ್ಲವಂತೆ.

ಬಲ್ಬು ಹೊತ್ತಿತು. ಇದನ್ನು ನಾನು ಎದುರು ಪಕ್ಷದವನಾಗಿ ಹೇಳುತ್ತಿದ್ದೇನೆ: ಹೊತ್ತಿತು. ಆದರೆ ಸುಡುವ ಮಧ್ಯಾಹ್ನ, ಹೊತ್ತಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಅವರು ಬಲ್ಬನ್ನು ಒಂದು ಕಾಫಿ ಚೀಲದೊಳಗೆ ಇಳಿಬಿಟ್ಟು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಚೀಲದೊಳಗೆ ತಲೆ ಹಾಕಿಸಿದರು. ಎಸ್ಟೇಟಿನ ಮೇಸ್ತ್ರಿ ತಲೆ ಹೊರಗೆ ತೆಗೆದು, "ದೇವರ ಗರ್ಭಗುಡಿ ನೋಡಿದ ಹಾಗಾಯ್ತು," ಅಂದ. ಆಚೆ ಹನ್ನೊಂದು ಮನೆಯವರೂ ಬಂದು ತಲೆ ಹಾಕಿದರು. ಮುಂದಿನ ವಾರ ಬಣಕಲ್ ಸಂತೆಯಿಂದ ಮನೆಗೊಂದು ಬಲ್ಬು ತಂದು ಜಂತಿಗೆ ಕಟ್ಟಿದರು. ತಂತಿ ಇಲ್ಲ, ಸ್ವಿಚ್ ಇಲ್ಲ, ಬರೀ ಬಲ್ಬು. ಮಳೆಗಾಲದ ಗಾಳಿ ಶುರುವಾಗುವ ಮೊದಲು ತಂತಿ ಎಳೆದು ಮುಗಿಸುತ್ತೇನೆಂದು ಲೈನ್‌ಮನ್ ಮಾತು ಕೊಟ್ಟಿದ್ದರು. ಅವರಿಗೆ ಬೇಕಿದ್ದದ್ದು ಒಂದೇ: ಮಳೆಗಾಲ ಮುಗಿಯುವವರೆಗೆ ಆ ಗುಡ್ಡ.

ಧಣಿಗಳು ಕೆಟ್ಟವರಲ್ಲ. "ನೋಡೋಣ," ಅಂದಿದ್ದರು. ಮಾರ್ಚ್ ಕೊನೆಗೆ ಬೆಳೆಗಾರರ ಸಭೆ ಇತ್ತು. ಅಲ್ಲಿ ಲೈನ್‌ಮನ್ ತಮ್ಮ ಯೋಜನೆ ಹೇಳಲಿ, ಇನ್ನೊಬ್ಬರು ಅದರ ವಿರುದ್ಧ ಮಾತಾಡಲಿ, ಎರಡೂ ಕೇಳಿ ಗುಡ್ಡದ ವಿಷಯ ತೀರ್ಮಾನಿಸುತ್ತೇನೆ ಎಂದರು. ವಿರುದ್ಧ ಮಾತಾಡಲು ಯಾರು? ನಮ್ಮ ರೈಟರ್ ಮಗ ಇದಾನಲ್ಲ, ಶೀಲ್ಡ್ ಮೇಲೆ ಶೀಲ್ಡ್ ತರ್ತಾನೆ.

ಅಪ್ಪ ಹೆಮ್ಮೆಯಿಂದ ಬಂದು ಹೇಳಿದರು. ನಾನು ಅದಕ್ಕಿಂತ ಹೆಮ್ಮೆಯಿಂದ ಒಪ್ಪಿಕೊಂಡೆ. ಪಟ ಕೆಲಸ ಮಾಡುವುದಿಲ್ಲ ಎಂದು ನಾನು ನಂಬಿದ್ದೆನೇ? ಇಲ್ಲ. ಯಾವ ಪಕ್ಷ ಕೊಟ್ಟರೂ ಗೆಲ್ಲುವುದೇ ಚರ್ಚೆ ಎಂದು ಮಾತ್ರ ನಂಬಿದ್ದೆ. ನಮಗೆ ತರಬೇತಿ ಕೊಡುತ್ತಿದ್ದ ಲೆಕ್ಚರರ್ ಒಂದು ಮಾತು ಕಲಿಸಿದ್ದರು: ಹೇಳಿಕೆ ಕೊಟ್ಟರೆ ಸಾಕ್ಷಿ ಕೇಳುತ್ತಾರೆ, ಪ್ರಶ್ನೆ ಹಾಕಿದರೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಆ ವರ್ಷ ಹೂಮಳೆ ಬಂದಿರಲಿಲ್ಲ. ಕಾಫಿ ಬೆಳೆಯದವರಿಗೆ ಇದರ ಅರ್ಥ ಹೇಳಬೇಕು. ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಕೊನೆಗೋ ಮಾರ್ಚಿಗೋ ಒಂದು ಹದವಾದ ಮಳೆ ಬೀಳಬೇಕು. ಬಿದ್ದರೆ ಎಂಟೊಂಬತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗೆ ಹೂ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಒಣಗುತ್ತದೆ, ಮುಂದಿನ ಬೆಳೆ ಅಲ್ಲಿಗೆ ಮುಗಿಯಿತು. ಹೊಳೆ ಪಕ್ಕದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಉಳಿದವರು ದಿನಾ ಬೆಳಿಗ್ಗೆ ಖಾಲಿ ಮಳೆಮಾಪಕ ನೋಡಿ, ಆಮೇಲೆ ಆಕಾಶ ನೋಡುತ್ತಾರೆ. ಆ ವರ್ಷ ಅವರು ತಲೆ ಎತ್ತಿದಾಗಲೆಲ್ಲ ಅಲ್ಲಿ ಕಾಣುತ್ತಿದ್ದದ್ದು ಒಂದೇ: ಬೋಳುಗುಡ್ಡದ ಮೇಲೆ ಗುಂಯ್‌ಗುಡುತ್ತ ನಿಂತ ಕರಿ ಪಟ.

ಸಭೆಯಲ್ಲಿ ಲೈನ್‌ಮನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಉರುಳೆಯ ಚಿತ್ರ ಬರೆದುಕೊಂಡು ಬಂದಿದ್ದರು. ಚೆನ್ನಾಗಿಯೇ ಹೇಳಿದರು. ಜನ ಕೇಳುತ್ತಿದ್ದರು ಕೂಡ. ನಂತರ ನಾನು ಎದ್ದೆ. ಹಗ್ಗ ಹರಿದರೆ ಏನು, ಸಿಡಿಲು ಬಂದರೆ ಏನು, ಗಾಳಿ ನಿಂತ ದಿನ ಏನು, ಎಲ್ಲ ಕೇಳಿದೆ. ಅವಕ್ಕೆಲ್ಲ ಅವರ ಹತ್ತಿರ ಉತ್ತರ ಇತ್ತು. ಸಿಡಿಲಿನ ಮೋಡ ಕಂಡರೆ ಇಳಿಸುತ್ತೇನೆ, ಗಾಳಿ ನಿಂತ ದಿನಕ್ಕೆ ಬ್ಯಾಟರಿ ಇದೆ. ಸೋಲುತ್ತಿದ್ದೇನೆ ಅನ್ನಿಸಿತು. ಎದುರು ಸಾಲಿನಲ್ಲಿ ಧಣಿಗಳು, ಅವರ ಹಿಂದೆ ಅಪ್ಪ.

ಆಗ ಆ ವಾಕ್ಯ ಬಾಯಿಗೆ ಬಂತು. ಯೋಚಿಸಿ ತಂದದ್ದಲ್ಲ.

"ಕೊನೆಯದಾಗಿ ಒಂದೇ ಪ್ರಶ್ನೆ. ಈ ಪಟ ಮೇಲೇರಿದ ದಿನದಿಂದ ಇವತ್ತಿನವರೆಗೆ ನಮ್ಮ ಕಡೆ ಒಂದು ಹನಿ ಬಿದ್ದಿದೆಯೇ? ನಾನು ಏನೂ ಹೇಳುತ್ತಿಲ್ಲ. ಕೇಳುತ್ತಿದ್ದೇನೆ, ಅಷ್ಟೆ."

ನಗು ಎದ್ದಿತು. ನಾನು ಬಯಸಿದ್ದು ನಗುವನ್ನೇ. ಆದರೆ ಆ ನಗು ಅರ್ಧದಲ್ಲಿ ನಿಂತಿತು. ಜನ ಪಕ್ಕದವರ ಮುಖ ನೋಡಿಕೊಂಡರು. ಮುನ್ನೂರು ಜನ ಒಂದೇ ಲೆಕ್ಕ ಹಾಕುತ್ತಿದ್ದದ್ದು ವೇದಿಕೆಯ ಮೇಲಿಂದ ಕಾಣಿಸಿತು.

ಲೈನ್‌ಮನ್ ಅಂಗೈ ತೀಡಿಕೊಂಡರು. ಆಮೇಲೆ ಅಂದರು, "ಬಿದ್ದಿಲ್ಲ. ಅದು ನಿಜ."

ಚರ್ಚೆಯಲ್ಲಿ ಹೀಗೆ ಯಾರೂ ಹೇಳುವುದಿಲ್ಲ. ಎದುರಾಳಿ ಕೇಳಿದ್ದು ನಿಜವಾದರೆ ಅದನ್ನು ದಾಟಿ ಹೋಗಬೇಕು. ಅವರಿಗೆ ದಾಟಲು ಬರುತ್ತಿರಲಿಲ್ಲ. ಹನಿ ಬಿದ್ದಿದೆಯೇ ಎಂದು ಕೇಳಿದರು, ಬಿದ್ದಿಲ್ಲ, ಆದ್ದರಿಂದ ಬಿದ್ದಿಲ್ಲ.

ಎರಡು ದಿನದ ಮೇಲೆ ಧಣಿಗಳು ಹೇಳಿಕಳಿಸಿದರು. "ನಾನು ನಂಬೋದಿಲ್ಲ. ಆದರೆ ಸುತ್ತಿನ ತೋಟದವರೆಲ್ಲ ಕೇಳ್ತಿದ್ದಾರೆ. ಮಳೆ ಒಂದು ಬರೋ ತನಕ ಇಳಿಸಿ, ಆಮೇಲೆ ನೋಡೋಣ." ಅವರು ಇಳಿಸಿದರು. ಪಟ ಕೆಳಗೆ ಬರುವುದನ್ನು ನಾನು ಅಂಗಳದಲ್ಲಿ ನಿಂತು ನೋಡಿದೆ. ಹಗ್ಗದ ಸದ್ದು ಮೆಲ್ಲಗೆ ದಪ್ಪಗಾಗುತ್ತ ಬಂದು ನಿಂತುಹೋಯಿತು.

ನಾಲ್ಕನೆಯ ದಿನ ಮಳೆ ಬಂತು. ಮಾಪಕದಲ್ಲಿ ಒಂದು ಇಂಚು ಹತ್ತು ಸೆಂಟ್, ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಅಪ್ಪ ರಿಜಿಸ್ಟರಿನಲ್ಲಿ ಬರೆದದ್ದು ನಾನೇ ನೋಡಿದ್ದೇನೆ. ಆಮೇಲೆ ಗುಡ್ಡದ ಮಾತು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೇ ಬೀಳಲಿಲ್ಲ.

ಆ ಜುಲೈಯಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದೆ ಮರ ಬಿದ್ದು ತಂತಿ ಹರಿಯಿತು. ಅವರು ಬಂದರು, ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕಾಲಿಗೆ ಕಚ್ಚಿ ರಕ್ತ ಹೀರುತ್ತಿದ್ದ ಇಂಬಳ ಕಿತ್ತುಕೊಳ್ಳುತ್ತ. ಕೆಲಸ ಮುಗಿಸಿ ಜಗಲಿಯಲ್ಲಿ ಕೂತರು. ಅಮ್ಮ ಕಾಫಿ ಕೊಟ್ಟು ಒಳಗೆ ಹೋದಳು. ಬೈಯಲಿ ಎಂದು ನಾನು ಕಾದೆ. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ತಯಾರಿತ್ತು.

"ವಕೀಲ," ಅಂದರು, "ಅವತ್ತು ನೀನು ಕೇಳಿದೆಯಲ್ಲ. ಅದಕ್ಕೆ ನಾನು ಎಂತ ಹೇಳಬೇಕಿತ್ತು? ನಾಲ್ಕು ತಿಂಗಳಾಯ್ತು, ಹೊಳೀತಾನೇ ಇಲ್ಲ."

ಕೊಂಕಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದರು. ನಾನು ಹೇಳಿಕೊಟ್ಟೆ. "ಹೋದ ವರ್ಷ ಪಟ ಇರಲಿಲ್ಲ. ಹೋದ ವರ್ಷವೂ ಹೂಮಳೆ ಏಪ್ರಿಲಿಗೇ ಬಂದದ್ದು. ಅಪ್ಪನ ರಿಜಿಸ್ಟರಿನಲ್ಲೇ ಇದೆ. ಅಷ್ಟು ಹೇಳಿದ್ರೆ ನಾನು ಕೂರಬೇಕಿತ್ತು."

"ನಿನಗೆ ಅದು ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಲೋಟ ಕೆಳಗಿಟ್ಟರು. ಆಮೇಲೆ ಜೇಬಿನಿಂದ ಕಂಪ್ಲೇಂಟ್ ಬರೆದುಕೊಳ್ಳುವ ಚಿಕ್ಕ ಪುಸ್ತಕ ತೆಗೆದು, ಒದ್ದೆ ಬೆರಳಿನಲ್ಲಿ ಹಾಳೆ ಮಗುಚಿ, ನಾನು ಹೇಳಿದ್ದನ್ನು ಬರೆದುಕೊಂಡರು. "ಇಷ್ಟೇನಾ," ಅಂದರು. "ಸುಲಭ ಇತ್ತಲ್ಲ." ಎದ್ದು ಹೋದರು. ಅದಾದ ಮೇಲೆ ನನ್ನನ್ನು ವಕೀಲ ಎಂದು ಕರೆದದ್ದು ನೆನಪಿಲ್ಲ. ನಾನು ನಿಜಕ್ಕೂ ವಕೀಲನಾಗಿ ಮೂಡಿಗೆರೆ ಕೋರ್ಟಿಗೆ ಹೋಗಲು ಶುರು ಮಾಡಿದ ಮೇಲೂ ಇಲ್ಲ.

ಒಮ್ಮೆ ಮಾತ್ರ, ನನಗೆ ನಾನೇ ಕಾರಣ ಕೊಟ್ಟುಕೊಳ್ಳದೆ, ಗುಡ್ಡದ ಆಚೆ ಇಳಿದಿದ್ದೆ. ಸೀಮೆಎಣ್ಣೆ ಬುಡ್ಡಿಯ ಮಸಿ ಹಿಡಿದ ಜಂತಿ. ಜಂತಿಯಲ್ಲಿ ಬಲ್ಬು. ಒಬ್ಬ ಹೆಂಗಸು ಸೆರಗಿನ ತುದಿಯಿಂದ ಅದರ ಮಸಿ ಒರೆಸುತ್ತಿದ್ದಳು. "ಒರೆಸದಿದ್ರೆ ಕಪ್ಪಾಗುತ್ತೆ," ಅಂದಳು, ನಾನೇನೂ ಕೇಳದಿದ್ದರೂ.

ಅವರು ನಿವೃತ್ತರಾಗಿ, ಒಂದು ಜನವರಿಯಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ತಿಥಿಯ ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ ನನ್ನನ್ನು ಹಿತ್ತಿಲಿಗೆ ಕರೆದು ಒಂದು ಗೋಣಿಚೀಲ ಕೊಟ್ಟರು. ಕರಿ ಬಟ್ಟೆ, ಬಿದಿರಿನ ತುಂಡುಗಳು, ಹಗ್ಗ. ಇಲಿ ಮುಟ್ಟಿರಲಿಲ್ಲ, ಬೇವಿನ ಸೊಪ್ಪು ಹಾಕಿಟ್ಟಿದ್ದರು.

"ನಿಮಗೇ ಕೊಡಬೇಕು ಅಂದಿದ್ರು."

"ನನಗ್ಯಾಕೆ?"

"ಅದು ಹೇಳಲಿಲ್ಲ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಊಟದ ಪಂಕ್ತಿಯಲ್ಲಿ ಪಕ್ಕ ಕೂತವನು ಮೇಸ್ತ್ರಿ, ಈಗ ಮುದುಕ. ಕಾಲ ಬಳಿ ಇಟ್ಟ ಚೀಲ ನೋಡಿ ಅವನ ಮುಖ ಬದಲಾಯಿತು. "ಅದನ್ನ ಈಗ ಬಿಚ್ಚಬೇಡಿ ಸಾರ್. ಸಂಕ್ರಾಂತಿ ಕಳೀತು. ಹೂಮಳೆ ಆಗೋ ತನಕ ನಮ್ಮ ಕಡೆ ಯಾರೂ ಪಟ ಹಾರಿಸಲ್ಲ. ಸ್ಕೂಲ್ ಮಕ್ಕಳೂ ಹಾರಿಸಲ್ಲ."

"ಯಾವಾಗಿನಿಂದ?"

"ಮೊದಲಿಂದಲೂ."

"ಮೊದಲಿಂದ ಅಂದ್ರೆ?"

"ನೀವೇ ಹೇಳಿದ್ದಲ್ವಾ, ಸಭೇಲಿ."

"ನಾನು ಹೇಳಲಿಲ್ಲ. ಕೇಳಿದೆ."

"ಎರಡೂ ಒಂದೇ ಅಲ್ವಾ ಸಾರ್."

ಎಲೆಯ ಮುಂದೆ ಕೂತೇ ನಾನು ವಾದ ಶುರು ಮಾಡಿದೆ. ಮಂಚಕ್ಕಿಂತ ಸ್ವಲ್ಪ ದೊಡ್ಡ ಬಟ್ಟೆ ಮೈಲಿಗಟ್ಟಲೆ ಮೋಡ ಹ್ಯಾಗೆ ಓಡಿಸುತ್ತೆ? ಹಿಂದಿನ ವರ್ಷ ಪಟವೇ ಇರಲಿಲ್ಲ, ಮಳೆ ಆಗಲೂ ತಡವಾಗಿತ್ತಲ್ಲ? ಅವರಿಗೆ ಹೇಳಿಕೊಟ್ಟಿದ್ದ ಅದೇ ಉತ್ತರ. ಪಂಕ್ತಿಯ ಏಳೆಂಟು ಜನ ಕೈ ನಿಲ್ಲಿಸಿ ಕೇಳಿದರು.

"ಆ ವರ್ಷ ಬೇರೆ ಯಾರೋ, ಬೇರೆ ಎಲ್ಲೋ ಹಾರಿಸಿರ್ತಾರೆ," ಅಂದ ಮೇಸ್ತ್ರಿ. ಆಮೇಲೆ ನನಗೆ ಬೇಜಾರಾಗಬಾರದೆಂದು, ಮೆಲ್ಲಗೆ, "ಅವತ್ತು ನೀವು ಹೇಳಿದ್ದು ಇದಕ್ಕಿಂತ ಚೆನ್ನಾಗಿತ್ತು ಸಾರ್."

ಲೈನ್‌ಮನ್ ತೀರಿಕೊಂಡ ಮನೆಯಲ್ಲಿ, ಅವರ ಹೆಸರಿನ ಊಟ ಉಣ್ಣುತ್ತ, ಆ ಜನ ಅವರ ಬಗ್ಗೆ ಪ್ರೀತಿಯಿಂದಲೇ ಮಾತಾಡುತ್ತಿದ್ದರು. ಒಳ್ಳೆಯ ಮನುಷ್ಯ, ಕರೆದ ಕೂಡಲೇ ಬರುತ್ತಿದ್ದರು, ಒಂದು ವರ್ಷ ಮಾತ್ರ ತಿಳಿಯದೆ ಮಳೆ ತಡೆದುಬಿಟ್ಟರು. ಹಾಗಂತ.

ಇದಕ್ಕೆ ಒಂದೇ ಪರಿಹಾರ ಎಂದು ನಿರ್ಧರಿಸಿದೆ. ಆ ಮಾರ್ಚಿನಲ್ಲಿ, ಹೂಮಳೆಗೆ ಮೊದಲೇ, ಎಲ್ಲರಿಗೂ ಕಾಣುವ ಹಾಗೆ ಬೋಳುಗುಡ್ಡದಿಂದ ಪಟ ಏರಿಸಬೇಕು. ಮೇಲೆ ಪಟ ಇರುವಾಗಲೇ ಮಳೆ ಬರಬೇಕು. ಅಲ್ಲಿಗೆ ನನ್ನ ವಾಕ್ಯ ಸಾಯುತ್ತದೆ.

ಹೋದೆ. ಕೆಳಗೆ ಗೇಟಿನ ಹತ್ತಿರ ಮೇಸ್ತ್ರಿ ಕೂತಿದ್ದ. ಚೀಲ ನೋಡಿದ. ಗುಡ್ಡದ ಮೇಲೆ ಉರುಳೆ ನೆಟ್ಟಿದ್ದ ಗುಳಿ ಇನ್ನೂ ಇತ್ತು. ಪಟ ಬಿಚ್ಚಿ ಬಿದಿರು ಜೋಡಿಸಿದೆ. ಗಾಳಿ ಕೂಡಲೇ ಬಟ್ಟೆಯೊಳಗೆ ತುಂಬಿಕೊಂಡು, ಹಗ್ಗ ನನ್ನ ಅಂಗೈಯಲ್ಲಿ ಜಗ್ಗಿ ಗುಂಯ್ ಎಂದಿತು. ಅದೇ ಸದ್ದು. ಬಿಟ್ಟರೆ ಏರುತ್ತಿತ್ತು.

ಆಗ ನಾನು ತಲೆ ಎತ್ತಿ ಕುದುರೆಮುಖದ ದಿಕ್ಕಿಗೆ ನೋಡಿದೆ. ಗಾಳಿ ನೋಡಲಿಕ್ಕಲ್ಲ. ಮೋಡ ನೋಡಲಿಕ್ಕೆ. ಅಲ್ಲೊಂದು ಮೋಡ ಇತ್ತು, ಬೂದು ಬಣ್ಣದ್ದು, ಬರಬಹುದು, ಬಾರದೆಯೂ ಇರಬಹುದು. ಕೆಳಗೆ ಮೈಲಿಗಟ್ಟಲೆ ತೋಟ, ಗಿಡದ ತುಂಬ ಮೊಗ್ಗು. ಅಕಸ್ಮಾತ್ ಬಾರದಿದ್ದರೆ?

ಆಮೇಲೆ ಪಟ ಮಡಚಿ ಚೀಲಕ್ಕೆ ಹಾಕಿದೆ. ನಾಳೆ ಬರೋಣ, ಮಳೆ ಒಂದು ಆಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಧಣಿಗಳು ಹೇಳಿಕಳಿಸಿದ ಅದೇ ಮಾತು. ಇಳಿದು ಬರುವಾಗ ಮೇಸ್ತ್ರಿ ಗೇಟಿನಲ್ಲಿ ಎದ್ದು ನಿಂತು ಕೈಮುಗಿದ.

ಆ ಸಂಜೆಯೇ ಮಳೆ ಬಂತು.

ಒಂಬತ್ತನೆಯ ದಿನ ಬಾಳೂರಿಗೆ ಹೋದಾಗ ತೋಟಗಳೆಲ್ಲ ಬೆಳ್ಳಗೆ ಹೂ ಬಿಟ್ಟಿದ್ದವು, ವಾಸನೆಗೆ ತಲೆ ತಿರುಗುತ್ತಿತ್ತು. ಬಸ್ ಇಳಿದ ಕೂಡಲೇ ಮೇಸ್ತ್ರಿ ಸಿಕ್ಕಿದ. ಜೊತೆಗೆ ನಾಲ್ಕೈದು ಜನ.

"ಅವತ್ತು ನೀವು ಹಾರಿಸದೇ ಇಳಿದು ಬಂದ್ರಲ್ಲ ಸಾರ್, ದೊಡ್ಡ ಉಪಕಾರ ಆಯ್ತು," ಅಂದ. "ಎಲ್ಲರಿಗೂ ಹೇಳಿದೀನಿ. ಪಟ ಮಳೆ ತಡೆಯುತ್ತೆ ಅನ್ನೋದರಲ್ಲಿ ಇನ್ನು ಯಾರೂ ಅನುಮಾನ ಪಡಲ್ಲ."

ನಾನು ಬಾಯಿ ತೆರೆದೆ. ಏನೂ ಹೊಳೆಯಲಿಲ್ಲ. ನಾಳೆ ಹೊಳೆದೀತು, ಬಂದು ಹೇಳಿದರಾಯಿತು ಅಂದುಕೊಂಡೆ. ಎರಡು ವರ್ಷದಿಂದ ಅಂಗೈ ತೀಡಿಕೊಳ್ಳುತ್ತ ಕೂತಿದ್ದೇನೆ.